ಕಂಪ್ಯೂಟರ್‌ಗೆ ಸ್ಪೈವೇರ್ ಬಂದಿದ್ಯಾ? ಅಂಗಡಿಗೆ ಬರೋರು ಪದೇ ಪದೇ ಕೇಳೋ ಪ್ರಶ್ನೆಗಳು

ತುಮಕೂರಲ್ಲಿ ಸಣ್ಣದೊಂದು ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಕೊಂಡಿದೀನಿ. ದಿನಾ ಒಬ್ಬರಾದ್ರೂ ಲ್ಯಾಪ್‌ಟಾಪ್ ಎತ್ಕೊಂಡು ಬಂದು ಇದೇ ಪ್ರಶ್ನೆಗಳನ್ನ ಕೇಳ್ತಾರೆ, ನಾನೂ ಕೈಲಿರೋ ಕೆಲಸ ಮಾಡ್ತಾ ಮಾಡ್ತಾ ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸ್ತೀನಿ, ಆಮೇಲೆ ಪೂರ್ತಿ ಹೇಳಬೇಕಿತ್ತು ಅಂತ ಮನಸ್ಸಿಗೆ ಕೊರೀತಾ ಇರುತ್ತೆ. ಅದಕ್ಕೆ ಇಲ್ಲಿ ಬರೆದಿಡ್ತಿದೀನಿ. ಎಲ್ಲಾ ವಿಂಡೋಸ್ ಲೆಕ್ಕದಲ್ಲಿ ಹೇಳಿರೋದು. ಈಗಲೇ ಗಾಬರಿಯಲ್ಲಿ ಇದ್ದೀರಿ ಅಂದ್ರೆ ನೇರ "ಮೊದಲು ಏನ್ ಮಾಡ್ಲಿ" ಅನ್ನೋ ಪ್ರಶ್ನೆಗೆ ಹೋಗಿ, ಉಳಿದಿದ್ದು ಆಮೇಲೆ ನಿಧಾನಕ್ಕೆ ಓದ್ಕೊಳ್ಳಿ.

ಸ್ಪೈವೇರ್ ಅಂದ್ರೆ ವೈರಸ್ಸೇ ಅಲ್ವಾ?

ಜನ ಎಲ್ಲದಕ್ಕೂ ವೈರಸ್ ಅಂತಾರೆ, ಮಾತಿಗೆ ಪರವಾಗಿಲ್ಲ. ಆದ್ರೆ ಸ್ಪೈವೇರ್‌ಗೆ ನಿಮ್ಮ ಸಿಸ್ಟಮ್ ಕೆಡಿಸೋ ಉದ್ದೇಶ ಇರಲ್ಲ, ಅದಕ್ಕೆ ಸಿಸ್ಟಮ್ ಚೆನ್ನಾಗಿ ಓಡ್ತಾ ಇರಬೇಕು. ಸದ್ದಿಲ್ದೆ ಕೂತು ನೋಡ್ತಾ ಇರುತ್ತೆ: ನೀವು ಒತ್ತೋ ಒಂದೊಂದು ಕೀ, ಕಾಪಿ ಮಾಡಿದ ಅಕೌಂಟ್ ನಂಬರ್, ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡ್, ನಡುನಡುವೆ ಒಂದೊಂದು ಸ್ಕ್ರೀನ್‌ಶಾಟ್. ಎಲ್ಲಾ ಗಂಟು ಕಟ್ಟಿ ಎಲ್ಲೋ ಇರೋ ಸರ್ವರ್‌ಗೆ ಕಳಿಸುತ್ತೆ.

2000ದ ಆಸುಪಾಸಲ್ಲಿ ಇದು ಇಷ್ಟು ಭಯಂಕರ ಇರ್ಲಿಲ್ಲ. ಕಜಾ ಅಂತ ಹಾಡು ಇಳಿಸ್ಕೊಳ್ಳೋ ಸಾಫ್ಟ್‌ವೇರ್ ಇತ್ತಲ್ಲ, ಅದರ ಜೊತೆ ಗೇಟರ್ ಅನ್ನೋದೊಂದು ಬರ್ತಿತ್ತು, ನೀವು ಯಾವ್ಯಾವ ಸೈಟ್ ನೋಡ್ತೀರಿ ಅಂತ ಗಮನಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸ್ತಿತ್ತು, ಕಿರಿಕಿರಿ ಅಷ್ಟೇ. ಈಗ ಬರೋದು ಸ್ಟೀಲರ್‌ಗಳು, ಅಂದ್ರೆ ಪಾಸ್‌ವರ್ಡ್ ಥರದ್ದನ್ನ ಕದ್ದುಕೊಂಡು ಹೋಗೋ ಸ್ಪೈವೇರ್. ರೆಡ್‌ಲೈನ್, ಲುಮಾ ಅಂತೆಲ್ಲ ಹೆಸರು. ಬರೆದವನು ಒಬ್ಬ, ಅವನಿಂದ ಬಾಡಿಗೆಗೆ ತಗೊಂಡು ನಿಮ್ಮ ಮೇಲೆ ಬಿಡೋನು ಇನ್ನೊಬ್ಬ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋರ್ಟ್ ಆರ್ಡರ್ ತಗೊಂಡು ಲುಮಾದ ಸುಮಾರು 2300 ಡೊಮೇನ್‌ಗಳನ್ನ (ವೆಬ್ ವಿಳಾಸಗಳನ್ನ) ಕಿತ್ಕೊಳ್ತು, ಅದಕ್ಕೆ ಮುಂಚಿನ ಎರಡೇ ತಿಂಗಳಲ್ಲಿ 3.94 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಅದು ಸಿಕ್ಕಿತ್ತು. ಅದೊಂದೇ ಜಾತಿ, ಬರೀ ಎರಡು ತಿಂಗಳು.

ನಾನು ಏನೂ ಮಾಡಿಲ್ಲ ಸಾರ್, ಅದು ಹೆಂಗೆ ಬಂತು?

ಈ ಮಾತನ್ನ ಎಲ್ಲರೂ ಹೇಳ್ತಾರೆ, ಯಾರೂ ಸುಳ್ಳು ಹೇಳ್ತಿರಲ್ಲ. ಮಾಡಿದ್ದು ತಪ್ಪು ಅಂತ ಅವರಿಗೆ ಅನ್ನಿಸಿರಲ್ಲ ಅಷ್ಟೇ.

ನನ್ನ ಹತ್ರ ಬರೋದ್ರಲ್ಲಿ ಜಾಸ್ತಿ ಕ್ರ್ಯಾಕ್ ಸಾಫ್ಟ್‌ವೇರ್‌ನಿಂದ ಬಂದಿದ್ದು, ಅಂದ್ರೆ ದುಡ್ಡು ಕೊಡದೆ ಬೀಗ ಮುರಿದು ಓಡಿಸೋದು. ಆಫೀಸ್ ಆಕ್ಟಿವೇಟ್ ಮಾಡೋ ಆಕ್ಟಿವೇಟರ್, ಫೋಟೋಶಾಪ್ ಕ್ರ್ಯಾಕ್, ಗೇಮ್ ಚೀಟ್. ಆ ಜಿಪ್ ಫೈಲ್‌ಗೆ ಪಾಸ್‌ವರ್ಡ್ ಯಾಕೆ ಹಾಕಿರ್ತಾರೆ ಗೊತ್ತಾ? ಡೌನ್‌ಲೋಡ್ ಆಗುವಾಗ ಆಂಟಿವೈರಸ್ ಒಳಗೆ ಇಣುಕಬಾರದು ಅಂತ. ಜೊತೆಗೊಂದು ಟೆಕ್ಸ್ಟ್ ಫೈಲ್ ಇರುತ್ತೆ, ಅದರಲ್ಲಿ "ಇನ್‌ಸ್ಟಾಲ್ ಮಾಡೋಕೆ ಮುಂಚೆ ಡಿಫೆಂಡರ್ ಆಫ್ ಮಾಡಿ" ಅಂತ ಬರೆದಿರ್ತಾರೆ, ಡಿಫೆಂಡರ್ ಅಂದ್ರೆ ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್. ನಾವೇ ಆಫ್ ಮಾಡ್ತೀವಿ, ನಾವೇ ಡಬಲ್ ಕ್ಲಿಕ್ ಮಾಡ್ತೀವಿ, ಅಡ್ಮಿನ್ ಪರ್ಮಿಶನ್ ಕೇಳಿದ್ರೆ ಯೆಸ್ ಅಂತೀವಿ. ಬಾಗಿಲು ತೆಗೆದು ಒಳಗೆ ಕರೆದ ಹಾಗೆ.

ಎರಡನೇದು ಮೇಲ್ ಅಟ್ಯಾಚ್‌ಮೆಂಟ್. ಇನ್‌ವಾಯ್ಸ್, ಕೊರಿಯರ್ ರಸೀದಿ, ಟ್ಯಾಕ್ಸ್ ನೋಟಿಸ್ ಅಂತ ಬರುತ್ತೆ. ವಿಂಡೋಸ್‌ನಲ್ಲಿ ಫೈಲ್ ಹೆಸರಿನ ಕೊನೆ ಭಾಗ ಕಾಣ್ದೇ ಇರೋ ಹಾಗೆ ಮೊದಲಿಂದ್ಲೂ ಸೆಟ್ ಆಗಿರುತ್ತೆ, ಹಂಗಾಗಿ "ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ" (ಇಎಕ್ಸ್‌ಇ ಅಂದ್ರೆ ಓಡೋ ಪ್ರೋಗ್ರಾಮ್) ಅನ್ನೋದು ಬರೀ "ಬಿಲ್ ಡಾಟ್ ಪಿಡಿಎಫ್" ಅಂತ ಕಾಣುತ್ತೆ, ಐಕಾನ್ ಕೂಡ ಪಿಡಿಎಫ್‌ದೇ ಅಂಟಿಸಿರ್ತಾರೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಮೆನುಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನೋದಕ್ಕೆ ಇವತ್ತೇ ಟಿಕ್ ಹಾಕಿ. ಅರ್ಧ ನಿಮಿಷದ ಕೆಲಸ, ನನ್ನ ಪ್ರಕಾರ ಇದಕ್ಕಿಂತ ಸುಲಭದ ಕಾವಲು ಇನ್ನೊಂದಿಲ್ಲ.

"ನಾನು ರೋಬೋಟ್ ಅಲ್ಲ" ಅಂತ ಒತ್ತಿದ್ದೆ ಅಷ್ಟೇ, ಅದ್ರಿಂದ್ಲೂ ಬರುತ್ತಾ?

ಬರುತ್ತೆ, ಈಗ ಇದು ತುಂಬಾ ಜೋರಾಗಿದೆ. ಯಾವುದೋ ಸೈಟ್‌ಗೆ ಹೋದಾಗ ಕ್ಯಾಪ್ಚಾ (ನೀವು ಮನುಷ್ಯರೇನಾ ಅಂತ ಪರೀಕ್ಷಿಸೋದು) ತರದ್ದೇ ಒಂದು ಬಾಕ್ಸ್ ಬರುತ್ತೆ. ಟಿಕ್ ಒತ್ತಿದ ತಕ್ಷಣ ಪೇಜು ನಿಮ್ಮ ಕ್ಲಿಪ್‌ಬೋರ್ಡ್‌ಗೆ ಒಂದು ಕಮಾಂಡ್ ಕಾಪಿ ಮಾಡಿಟ್ಟಿರುತ್ತೆ, ನಿಮಗೆ ಗೊತ್ತೇ ಆಗಲ್ಲ. ಆಮೇಲೆ ಹೇಳುತ್ತೆ, ವೆರಿಫೈ ಆಗೋಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್. ಅಲ್ಲಿಗೆ ಮುಗೀತು. ರನ್ ಬಾಕ್ಸ್‌ನಲ್ಲಿ ಆ ಕಮಾಂಡ್ ಪೇಸ್ಟ್ ಆಗಿ ಪವರ್‌ಶೆಲ್ (ವಿಂಡೋಸ್‌ನಲ್ಲಿ ಕಮಾಂಡ್ ಓಡಿಸೋ ಟೂಲ್) ಮೂಲಕ ಸ್ಟೀಲರ್ ಇಳಿದು ಓಡುತ್ತೆ. ಕಮಾಂಡ್ ನೀವೇ ಕೈಯಾರೆ ಓಡಿಸಿದ್ದಾದ್ರಿಂದ ಬ್ರೌಸರ್‌ನ ಡೌನ್‌ಲೋಡ್ ವಾರ್ನಿಂಗ್ ಬರೋ ಪ್ರಶ್ನೆನೇ ಇಲ್ಲ.

ಯಾವ ನಿಜವಾದ ಕ್ಯಾಪ್ಚಾನೂ ಬ್ರೌಸರ್ ಬಿಟ್ಟು ಹೊರಗೆ ಬಂದು ಕೀ ಒತ್ತೋಕೆ ಹೇಳಲ್ಲ. ಮನೇಲಿರೋ ಮಕ್ಕಳಿಗೂ, ವಯಸ್ಸಾದೋರಿಗೂ ಇದೊಂದನ್ನ ಹೇಳಿಕೊಡಿ.

ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಹುಡುಕಿ ಹಾಕ್ಕೊಂಡೆ, ಆಮೇಲಿಂದ ಹಿಂಗಾಯ್ತು. ಯಾಕೆ?

ಡಿಟಿಪಿ, ಟೈಪಿಂಗ್ ಕೆಲಸ ಮಾಡೋರು ಇದಕ್ಕೆ ಸಿಕ್ಕಿಹಾಕ್ಕೊಳ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ನುಡಿ ಬೇಕು ಅಂತ ಸರ್ಚ್ ಮಾಡ್ತಾರೆ, ಸಿಕ್ಕ ಸಿಕ್ಕ ಸೈಟ್ ತೆಗೀತಾರೆ, ಪೇಜಲ್ಲಿ ಮೂರು ನಾಲ್ಕು ಹಸಿರು ಡೌನ್‌ಲೋಡ್ ಬಟನ್ ಇರುತ್ತೆ, ಅದರಲ್ಲಿ ದೊಡ್ಡದಾಗಿ ಕಾಣೋದೆಲ್ಲ ಜಾಹೀರಾತು. ಇಳಿಯೋದು ನುಡಿ ಅಲ್ಲ, ಒಂದು ಚಿಕ್ಕ ಡೌನ್‌ಲೋಡರ್, ಅದು ನೆಕ್ಸ್ಟ್ ನೆಕ್ಸ್ಟ್ ಒತ್ತಿಸ್ಕೊಂಡು ಇನ್ನು ನಾಲ್ಕು ಕಸ ತಂದು ತುಂಬುತ್ತೆ.

ನುಡಿ ಬೇಕಿದ್ರೆ ಕನ್ನಡ ಗಣಕ ಪರಿಷತ್ತಿನ ಸೈಟಿಂದಾನೇ ತಗೊಳ್ಳಿ. ಬರೀ ಯೂನಿಕೋಡ್ ಕನ್ನಡ ಟೈಪ್ ಮಾಡೋದಾದ್ರೆ ಏನೂ ಇಳಿಸೋ ಅಗತ್ಯಾನೇ ಇಲ್ಲ, ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೋ ಫೊನೆಟಿಕ್ ಕೀಬೋರ್ಡ್ ಕೂಡ 2019ರಿಂದ ಕೊಟ್ಟಿದಾರೆ. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್, ಅಲ್ಲಿ ಕನ್ನಡ ಆ್ಯಡ್ ಮಾಡಿ.

ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ಬಂದ್ಮೇಲೆ ಫೋಲ್ಡರೆಲ್ಲ ಶಾರ್ಟ್‌ಕಟ್ ಆಗೋಗಿದೆ. ಡೇಟಾ ಹೋಯ್ತಾ?

ಹೋಗಿಲ್ಲ, ಗಾಬರಿ ಬೇಡ, ಆದ್ರೆ ಆ ಶಾರ್ಟ್‌ಕಟ್ ಮೇಲೆ ಕ್ಲಿಕ್ ಮಾಡ್ಬೇಡಿ. ಅದು ಮೊದಲು ತನ್ನ ಸ್ಕ್ರಿಪ್ಟ್ ಓಡಿಸಿ ಆಮೇಲೆ ನಿಮ್ಮ ಫೋಲ್ಡರ್ ತೆಗೆದು ತೋರಿಸುತ್ತೆ, ಹಂಗಾಗಿ ಯಾರಿಗೂ ಡೌಟ್ ಬರಲ್ಲ. ನಿಮ್ಮ ಅಸಲಿ ಫೈಲೆಲ್ಲ ಹಿಡನ್ ಆಗಿ ಅಲ್ಲೇ ಇರುತ್ತೆ, ಕೆಲವು ಸಲ ಹೆಸರೇ ಇಲ್ಲದ ಒಂದು ಫೋಲ್ಡರ್ ಒಳಗೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ಸ್ ತೋರಿಸು ಅಂತ ಹಾಕಿ, ಅದರ ಕೆಳಗೇ ಇರೋ "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಟಿಕ್ ತೆಗೆದ್ರೆ ಕಾಣುತ್ತೆ. ನಿಮಗೆ ಬೇಕಾಗಿರೋ ಡಾಕ್ಯುಮೆಂಟು, ಫೋಟೋ ಮಾತ್ರ ಕಾಪಿ ಮಾಡ್ಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಬ್ರೌಸರ್ ಎಕ್ಸ್‌ಟೆನ್ಷನ್ ಸ್ಟೋರ್‌ನಿಂದಾನೇ ಹಾಕಿದ್ದು, ಅದು ಸೇಫ್ ಅಲ್ವಾ?

ಎಕ್ಸ್‌ಟೆನ್ಷನ್ ಅಂದ್ರೆ ಬ್ರೌಸರ್‌ಗೆ ಸೇರಿಸ್ಕೊಳ್ಳೋ ಚಿಕ್ಕ ಪ್ರೋಗ್ರಾಮ್, ಹಾಕಿದ ದಿನ ಸೇಫ್ ಇರಬಹುದು. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, ಮೆಮೊರಿ ಉಳಿಸೋದು, ಲಕ್ಷಾಂತರ ಜನ ಇಷ್ಟಪಟ್ಟು ಬಳಸ್ತಿದ್ರು, ಬರೆದವರು ಅದನ್ನ ಬೇರೆಯವರಿಗೆ ಮಾರಿದ್ರು, 2021ರ ಫೆಬ್ರವರಿಯಲ್ಲಿ ಅದರಲ್ಲಿ ಮಾಲ್‌ವೇರ್ (ಕೇಡು ಮಾಡೋ ಸಾಫ್ಟ್‌ವೇರ್) ಇದೆ ಅಂತ ಗೂಗಲ್ಲೇ ತೆಗೆದುಹಾಕ್ತು. ಸಾಫ್ಟ್‌ವೇರ್‌ದೂ ಇದೇ ಕಥೆ, 2017ರಲ್ಲಿ ಕಂಪ್ಯೂಟರ್‌ನ ಕಸ ತೆಗೆಯೋ ಸಿಕ್ಲೀನರ್ ಅನ್ನೋ ಸಾಫ್ಟ್‌ವೇರ್‌ನ 5.33 ವರ್ಷನ್ ಕಂಪನಿಯ ಸ್ವಂತ ಸೈಟಿಂದ್ಲೇ ಕೆಟ್ಟು ಹೋಗಿ ಸುಮಾರು 22.7 ಲಕ್ಷ ಜನರ ಕಂಪ್ಯೂಟರ್ ಸೇರಿತ್ತು. ಎಕ್ಸ್‌ಟೆನ್ಷನ್ ಎರಡೋ ಮೂರೋ ಸಾಕು. "ಎಲ್ಲಾ ವೆಬ್‌ಸೈಟ್‌ಗಳ ಡೇಟಾ ಓದೋದು, ಬದಲಾಯಿಸೋದು" ಅಂತ ಪರ್ಮಿಶನ್ ಕೇಳೋದು ನಿಮ್ಮ ಬ್ಯಾಂಕ್ ಪೇಜನ್ನೂ ಓದುತ್ತೆ, ನೆನಪಿರಲಿ.

ಬಂದಿದೆ ಅಂತ ಗೊತ್ತಾಗೋದು ಹೆಂಗೆ?

ಹೋಮ್‌ಪೇಜ್ ತಾನಾಗೇ ಬದಲಾಗೋದು, ಸರ್ಚ್ ಮಾಡಿದ್ರೆ ಬೇರೆ ಎಲ್ಲಿಗೋ ಹೋಗೋದು, ಪಾಪ್‌ಅಪ್ ಸುರಿಯೋದು, ಸುಮ್ಮನೆ ಇದ್ರೂ ಫ್ಯಾನ್ ಕೂಗ್ತಾ ಇರೋದು, ಡಿಫೆಂಡರ್ ಆನ್ ಮಾಡಿದ್ರೂ ಆಫ್ ಆಗೋದು, ಕ್ರೋಮ್‌ನಲ್ಲಿ "ನಿಮ್ಮ ಸಂಸ್ಥೆ ಇದನ್ನ ನಿರ್ವಹಿಸ್ತಿದೆ" ಅಂತ ಬರೋದು, ಅದೂ ಮನೆ ಕಂಪ್ಯೂಟರ್‌ನಲ್ಲಿ. ಇವೆಲ್ಲ ಗದ್ದಲ ಮಾಡೋ ಜಾತಿಯ ಲಕ್ಷಣ.

ಸ್ಟೀಲರ್ ಬಂದ್ರೆ ಕಂಪ್ಯೂಟರ್‌ನಲ್ಲಿ ಏನೂ ಕಾಣದೇ ಇರಬಹುದು. ಒಂದೆರಡು ನಿಮಿಷದಲ್ಲಿ ಕದ್ದು ತನ್ನನ್ನ ತಾನೇ ಅಳಿಸ್ಕೊಂಡು ಹೋಗೋವೂ ಇವೆ. ಅದರ ಗುರುತು ಹೊರಗಡೆ ಸಿಗೋದು: ಗೊತ್ತಿಲ್ಲದ ಊರಿಂದ ಲಾಗಿನ್ ಆಗಿದೆ ಅಂತ ಮೇಲ್, ನಿಮ್ಮ ಇನ್‌ಸ್ಟಾಗ್ರಾಮ್‌ನಿಂದ ಯಾರಿಗೋ ದುಡ್ಡು ಡಬಲ್ ಆಗೋ ಮೆಸೇಜು, ಕೇಳದೇ ಬಂದ ಓಟಿಪಿ.

ಸ್ಕ್ಯಾನ್ ಮಾಡಿದೆ, ಏನೂ ಇಲ್ಲ ಅನ್ನುತ್ತೆ. ಹಾಗಾದ್ರೆ ಕ್ಲೀನ್ ತಾನೇ?

ಹೋದ ವರ್ಷ ಟೈಪಿಂಗ್ ಅಂಗಡಿ ನಡೆಸೋ ಒಬ್ಬರು ಅಕ್ಕ ಬಂದಿದ್ರು. ಮೂರು ಸಲ ಫುಲ್ ಸ್ಕ್ಯಾನ್ ಮಾಡಿದೀನಿ ಅಣ್ಣ, ಮೂರು ಸಲಾನೂ ಹಸಿರು ಟಿಕ್, ಆದ್ರೂ ಮೇಲ್ ಪಾಸ್‌ವರ್ಡ್ ಬದಲಾಯಿಸಿದ ಮಾರನೇ ದಿನಾನೇ ಯಾರೋ ಒಳಗೆ ಬರ್ತಿದಾರೆ ಅಂದ್ರು. ನಾನು ವಿಂಡೋಸ್ ಸೆಕ್ಯುರಿಟಿ ತೆಗೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ ಕೆಳಗೆ ಕೊನೇವರೆಗೂ ಹೋದೆ, ಎಕ್ಸ್‌ಕ್ಲೂಷನ್ಸ್ ಅಂತ ಇರುತ್ತೆ, ಅಂದ್ರೆ ಯಾವುದನ್ನ ನೋಡಬಾರದು ಅನ್ನೋ ಪಟ್ಟಿ. ಅದರಲ್ಲಿ ಒಂದೇ ಒಂದು ಸಾಲು ಇತ್ತು: ಸಿ ಡ್ರೈವ್. ಪೂರ್ತಿ ಸಿ ಡ್ರೈವ್. ಒಳಗೆ ಬಂದಿದ್ದು ಮೊದಲು ಮಾಡಿದ ಕೆಲಸಾನೇ ಅದು, ಡಿಫೆಂಡರ್ ಕಣ್ಣಿಗೆ ಬಟ್ಟೆ ಕಟ್ಟಿದ್ದು. ಆ ಸಾಲು ತೆಗೆದು ಮತ್ತೆ ಸ್ಕ್ಯಾನ್ ಕೊಟ್ಟೆ, ಹತ್ತು ನಿಮಿಷ ಆಗೋಷ್ಟರಲ್ಲಿ ಕೆಂಪು ಪಟ್ಟಿ ಬಂತು. ಅಕ್ಕ ಕುರ್ಚಿ ಹಿಡ್ಕೊಂಡು ಸುಮ್ಮನೆ ನಿಂತಿದ್ರು, ಗಿರಾಕಿಗಳ ಆಧಾರ್ ಕಾಪಿ ಎಲ್ಲ ಅದರಲ್ಲೇ ಇತ್ತು.

ಅದಕ್ಕೇ ಸ್ಕ್ಯಾನ್ ಮಾಡೋಕೆ ಮುಂಚೆ ಎಕ್ಸ್‌ಕ್ಲೂಷನ್ಸ್ ನೋಡಿ. ನೀವು ಹಾಕದೇ ಇರೋದು ಏನಿದ್ರೂ ತೆಗೀರಿ. ಅಲ್ಲೇ ಟ್ಯಾಂಪರ್ ಪ್ರೊಟೆಕ್ಷನ್ (ಡಿಫೆಂಡರ್ ಸೆಟ್ಟಿಂಗನ್ನ ಬೇರೆ ಪ್ರೋಗ್ರಾಮ್ ಬದಲಾಯಿಸದಂತೆ ತಡೆಯೋದು) ಆನ್ ಇದ್ಯಾ ಅಂತಾನೂ ನೋಡಿ.

ಅನುಮಾನ ಬಂದಿದೆ. ಮೊದಲು ಏನ್ ಮಾಡ್ಲಿ?

ಇಷ್ಟೆಲ್ಲ ಬರೀತಿರೋದೇ ಇದೊಂದು ಉತ್ತರಕ್ಕಾಗಿ. ಜನ ಮಾಡೋ ಕ್ರಮ ಹೆಂಗಿರುತ್ತೆ ಅಂದ್ರೆ, ಗಾಬರಿಯಲ್ಲಿ ಅದೇ ಕಂಪ್ಯೂಟರ್‌ನಲ್ಲಿ ಕೂತು ಎಲ್ಲಾ ಪಾಸ್‌ವರ್ಡ್ ಬದಲಾಯಿಸ್ತಾರೆ, ಒಳಗಿರೋದು ಹೊಸ ಪಾಸ್‌ವರ್ಡನ್ನೂ ಓದ್ಕೊಳ್ಳುತ್ತೆ, ಆಮೇಲೆ ಕ್ಲೀನ್ ಮಾಡಿಸ್ತಾರೆ. ಇನ್ನು ಕೆಲವರು ಬರೀ ಫಾರ್ಮ್ಯಾಟ್ ಹೊಡೆಸಿ ಆಯ್ತು ಅಂದ್ಕೊಳ್ತಾರೆ, ಪಾಸ್‌ವರ್ಡ್ ಮುಟ್ಟೋದೇ ಇಲ್ಲ, ಹೋಗಿರೋ ಪಾಸ್‌ವರ್ಡ್ ಹೋಗಿದ್ದೇ, ಫಾರ್ಮ್ಯಾಟ್ ಮಾಡಿದ್ರೆ ಅದು ವಾಪಸ್ ಬರಲ್ಲ.

ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ರೆ ಕೀಳಿ. ನೆಟ್ ಇಲ್ಲ ಅಂದ್ರೆ ಕಳಿಸೋಕಾಗಲ್ಲ. ಆಮೇಲೆ ನಿಮ್ಮ ಮೊಬೈಲೋ, ಮನೇಲಿರೋ ಇನ್ನೊಂದು ಚೆನ್ನಾಗಿರೋ ಸಿಸ್ಟಮೋ ತಗೊಂಡು ಪಾಸ್‌ವರ್ಡ್ ಬದಲಾಯಿಸಿ. ಮೊದಲು ಮೇಲ್, ಯಾಕಂದ್ರೆ ಬೇರೆಲ್ಲದರ ಪಾಸ್‌ವರ್ಡ್ ರೀಸೆಟ್ ಲಿಂಕ್ ಬರೋದು ಅಲ್ಲಿಗೇ. ಆಮೇಲೆ ಬ್ಯಾಂಕ್, ಆಮೇಲೆ ಸೋಷಿಯಲ್ ಮೀಡಿಯಾ. ಜಿಮೇಲ್‌ನಲ್ಲಿ ಸೆಕ್ಯುರಿಟಿ ಪೇಜಿಗೆ ಹೋಗಿ ನಿಮ್ಮ ಡಿವೈಸ್‌ಗಳ ಪಟ್ಟಿ ತೆಗೆದು ಎಲ್ಲದರಿಂದ್ಲೂ ಸೈನ್ ಔಟ್ ಮಾಡಿ, ರಿಕವರಿ ನಂಬರ್ ನಿಮ್ಮದೇನಾ ನೋಡಿ, ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ನಲ್ಲಿ ಯಾವುದಾದ್ರೂ ಗೊತ್ತಿಲ್ಲದ ವಿಳಾಸ ಸೇರಿಸಿದಾರಾ ನೋಡಿ, ಇದನ್ನ ತುಂಬಾ ಜನ ಮರೀತಾರೆ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಲ್ಲಾ ಲಾಗ್ ಔಟ್. ಇಷ್ಟಾದ್ಮೇಲೆ ಕಂಪ್ಯೂಟರ್ ಕ್ಲೀನ್ ಮಾಡೋಕೆ ಕೈ ಹಾಕಿ.

ನನಗೆ ಓಟಿಪಿ ಬರುತ್ತಲ್ಲ, ಪಾಸ್‌ವರ್ಡ್ ಕದ್ರೂ ಏನ್ ಮಾಡ್ತಾರೆ?

ಒಂದು ಸಲ ಲಾಗಿನ್ ಆದ್ಮೇಲೆ ಸೈಟು ದಿನಾ ಪಾಸ್‌ವರ್ಡ್ ಕೇಳಲ್ಲ ಅಲ್ವಾ? ಯಾಕಂದ್ರೆ ಬ್ರೌಸರ್‌ನಲ್ಲಿ ಒಂದು ಕುಕಿ ಇಟ್ಟಿರುತ್ತೆ, ಬಸ್ ಪಾಸ್ ಇದ್ದ ಹಾಗೆ, ತೋರಿಸಿದ್ರೆ ಒಳಗೆ ಬಿಡ್ತಾರೆ. ಸ್ಟೀಲರ್ ಆ ಕುಕೀನೇ ಎತ್ಕೊಂಡು ಹೋಗುತ್ತೆ. ಅವನು ತನ್ನ ಬ್ರೌಸರ್‌ನಲ್ಲಿ ಅದನ್ನ ಹಾಕ್ಕೊಂಡ್ರೆ ಪಾಸ್‌ವರ್ಡೂ ಬೇಡ, ಓಟಿಪಿನೂ ಬೇಡ. ಎಲ್ಲಾ ಡಿವೈಸ್‌ನಿಂದ ಸೈನ್ ಔಟ್ ಮಾಡಿ ಅಂತ ಮೇಲೆ ಹೇಳಿದ್ದು ಇದಕ್ಕೇ, ಆಗ ಹಳೇ ಕುಕಿ ಕೆಲಸಕ್ಕೆ ಬರಲ್ಲ. ಹಂಗಂತ ಟೂ ಸ್ಟೆಪ್ ವೆರಿಫಿಕೇಷನ್ ಬಿಡಬೇಡಿ, ಬರೀ ಪಾಸ್‌ವರ್ಡ್ ಹೋದಾಗ ಕಾಪಾಡೋದು ಅದೇ.

ಸರಿ, ತೆಗೆಯೋದು ಹೆಂಗೆ?

ಮೊದಲು ಅನ್‌ಇನ್‌ಸ್ಟಾಲ್ ಪಟ್ಟಿ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಆಗಿರೋ ಆ್ಯಪ್‌ಗಳನ್ನ ಡೇಟ್ ಪ್ರಕಾರ ಜೋಡಿಸಿ, ತೊಂದ್ರೆ ಶುರುವಾದ ದಿನ ಬಂದಿರೋದನ್ನೆಲ್ಲ ನೋಡಿ. ಡ್ರೈವರ್ ಅಪ್‌ಡೇಟರ್, ಪಿಸಿ ಸ್ಪೀಡಪ್, ಪಿಡಿಎಫ್ ಕನ್ವರ್ಟರ್, ಕೂಪನ್ ಅಂತೆಲ್ಲ ನೀವು ಹಾಕದೇ ಇರೋದು ಇದ್ರೆ ತೆಗೀರಿ. ಬ್ರೌಸರ್‌ನಲ್ಲಿ ಅನುಮಾನ ಇರೋ ಎಕ್ಸ್‌ಟೆನ್ಷನ್ ತೆಗೆದು ಸೆಟ್ಟಿಂಗ್ಸ್ ರೀಸೆಟ್ ಕೊಡಿ, ನೋಟಿಫಿಕೇಷನ್ ಪರ್ಮಿಶನ್ ಇರೋ ಸೈಟ್‌ಗಳ ಪಟ್ಟಿ ಖಾಲಿ ಮಾಡಿ. ವೈರಸ್ ಬಂದಿದೆ ಅಂತ ಮೂಲೆಯಲ್ಲಿ ಪಾಪ್‌ಅಪ್ ಬರ್ತಾ ಇರುತ್ತಲ್ಲ, ಎಷ್ಟೋ ಸಲ ಅದು ಬರೀ ಇಂಥ ನೋಟಿಫಿಕೇಷನ್, ಬೇರೇನೂ ಇರಲ್ಲ.

ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್. ಇದು ಬಹಳ ಜನಕ್ಕೆ ಗೊತ್ತಿಲ್ಲ, ವಿಂಡೋಸ್ ಜೊತೆ ಫ್ರೀಯಾಗೇ ಬರುತ್ತೆ. ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ಸ್ಕ್ಯಾನ್ ಆಪ್ಷನ್ಸ್ ಒತ್ತಿದ್ರೆ ಕೊನೇಲಿ ಇರುತ್ತೆ. ತೆಗೆದಿರೋ ಕೆಲಸ ಎಲ್ಲಾ ಸೇವ್ ಮಾಡ್ಕೊಂಡು ಕೊಡಿ, ಸಿಸ್ಟಮ್ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರ್ತಿ ಎದ್ದೇಳೋಕೆ ಮುಂಚೆನೇ ಸ್ಕ್ಯಾನ್ ಮಾಡುತ್ತೆ, ಸುಮಾರು 15 ನಿಮಿಷ. ವಿಂಡೋಸ್ ಓಡ್ತಿರುವಾಗ ಬಚ್ಚಿಟ್ಕೊಳ್ಳೋದು ಆಗ ಸಿಕ್ಕಿಬೀಳುತ್ತೆ. ಅದಾದ್ಮೇಲೆ ಎರಡನೇ ಅಭಿಪ್ರಾಯಕ್ಕೆ ಮಾಲ್‌ವೇರ್‌ಬೈಟ್ಸ್ ಫ್ರೀ ವರ್ಷನ್ನೋ, ಮೈಕ್ರೋಸಾಫ್ಟ್‌ನ ಸೇಫ್ಟಿ ಸ್ಕ್ಯಾನರೋ ಓಡಿಸಿ. ಇವನ್ನ ಚೆನ್ನಾಗಿರೋ ಇನ್ನೊಂದು ಸಿಸ್ಟಮ್‌ನಲ್ಲಿ, ಅವರವರ ಸ್ವಂತ ಸೈಟಿಂದ ಇಳಿಸಿ ತನ್ನಿ. ಸೇಫ್ಟಿ ಸ್ಕ್ಯಾನರ್ ಇಳಿಸಿದ ಹತ್ತು ದಿನಕ್ಕೆ ಎಕ್ಸ್‌ಪೈರ್ ಆಗುತ್ತೆ, ಹಳೇದು ಇಟ್ಕೊಂಡಿರಬೇಡಿ. ನಮ್ಮ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಇನ್ ನಡೆಸೋ ಸೈಬರ್ ಸ್ವಚ್ಛತಾ ಕೇಂದ್ರ ಅಂತ 2017ರಿಂದ ಇದೆ, ಅದರ ಸೈಟಲ್ಲೂ ಫ್ರೀ ಟೂಲ್ ಸಿಗುತ್ತೆ, ಧೈರ್ಯವಾಗಿ ಬಳಸಿ.

ತೆಗೆದ್ರೂ ರೀಸ್ಟಾರ್ಟ್ ಮಾಡಿದ್ಮೇಲೆ ಮತ್ತೆ ಬರುತ್ತೆ!

ಬೇರು ಉಳಿದಿದೆ ಅಂತ ಅರ್ಥ. ಸೇಫ್ ಮೋಡ್‌ಗೆ ಹೋಗಿ: ಶಿಫ್ಟ್ ಒತ್ತಿ ಹಿಡ್ಕೊಂಡು ರೀಸ್ಟಾರ್ಟ್ ಕೊಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಪಟ್ಟಿ ಬಂದಾಗ 4 ಒತ್ತಿ. ಅಲ್ಲಿ ಮೈಕ್ರೋಸಾಫ್ಟ್‌ನವರೇ ಕೊಡೋ ಆಟೋರನ್ಸ್ ಅನ್ನೋ ಟೂಲ್ ಓಡಿಸಿದ್ರೆ ವಿಂಡೋಸ್ ಜೊತೆ ತಾನಾಗೇ ಶುರುವಾಗೋದೆಲ್ಲ ಒಂದೇ ಕಡೆ ಕಾಣುತ್ತೆ. ನಾನು ಮೊದಲು ನೋಡೋದು ಟಾಸ್ಕ್ ಶೆಡ್ಯೂಲರ್ ಭಾಗ. ಹೆಸರು ಏನೋ ಅಪ್‌ಡೇಟ್ ಅಂತ ಇರುತ್ತೆ, ಆದ್ರೆ ಫೈಲ್ ಇರೋ ಜಾಗ ಟೆಂಪ್ ಫೋಲ್ಡರ್ರು ಅಥವಾ ಆ್ಯಪ್‌ಡೇಟಾ, ಸಹಿ ಮಾಡಿದ ಕಂಪನಿ ಹೆಸರೇ ಇರಲ್ಲ, ಆಗ ಅನುಮಾನ ಪಡಬೇಕು. ಮೊದಲು ಟಿಕ್ ತೆಗೆದು ನೋಡಿ, ತಕ್ಷಣ ಡಿಲೀಟ್ ಮಾಡಬೇಡಿ, ಯಾವುದೋ ಡ್ರೈವರ್ ಹೋದ್ರೆ ಕಷ್ಟ. ನಿಮಗೆ ಇದು ತಲೆನೋವು ಅನ್ನಿಸಿದ್ರೆ ಇಲ್ಲಿಗೇ ಬಿಟ್ಟು ಮುಂದಿನ ಉತ್ತರ ಓದಿ.

ಫಾರ್ಮ್ಯಾಟ್ ಮಾಡಿಸಲೇಬೇಕಾ?

ಬರೀ ಪಾಪ್‌ಅಪ್, ಸರ್ಚ್ ತಿರುಗಿಸೋದು ಇಷ್ಟೇ ಆಗಿದ್ರೆ ಬೇಡ. ಆದ್ರೆ ಕೀಲಾಗರ್ (ಒತ್ತಿದ ಕೀ ಎಲ್ಲಾ ಬರೆದಿಡೋದು), ಸ್ಟೀಲರ್, ಅಥವಾ ದೂರದಿಂದ ಕಂಟ್ರೋಲ್ ಮಾಡೋ ಟ್ರೋಜನ್ ಸಿಕ್ಕಿದ್ರೆ, ಆ ಸಿಸ್ಟಮ್‌ನಲ್ಲಿ ನೀವು ಬ್ಯಾಂಕ್ ಕೆಲಸ ಮಾಡೋರಾದ್ರೆ, ನಾನು ಮಾಡಿ ಅಂತಾನೇ ಹೇಳ್ತೀನಿ. ಚೆನ್ನಾಗಿರೋ ಬೇರೆ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಸೈಟಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಹಾಕ್ಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡೋದು ಎಲ್ಲಕ್ಕಿಂತ ಗ್ಯಾರಂಟಿ. ಬ್ಯಾಕಪ್‌ಗೆ ಫೋಟೋ, ವಿಡಿಯೋ, ಡಾಕ್ಯುಮೆಂಟ್ ಮಾತ್ರ ತಗೊಳ್ಳಿ, ಸೆಟಪ್ ಫೈಲ್‌ಗಳನ್ನ ತಗೊಳ್ಳಬೇಡಿ, ಕಳ್ಳ ಅದರಲ್ಲೇ ಇದ್ರೆ ಹೊಸ ಮನೆಗೂ ನೀವೇ ಕರ್ಕೊಂಡು ಬಂದ ಹಾಗೆ.

ಒಂದು ಮಾತು, ಅಂಗಡಿಯಲ್ಲಿ ಮಾಡಿಸೋದಾದ್ರೆ ಯಾವ ವಿಂಡೋಸ್ ಹಾಕ್ತೀರಿ ಅಂತ ಕೇಳಿ. ಆಕ್ಟಿವೇಟರ್ ಹಾಕಿ ಕೊಡ್ತೀವಿ ಅಂದ್ರೆ ಬೇಡ ಅನ್ನಿ. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ವಿಂಡೋಸ್ ಸಮೇತ ಕೊಂಡಿದ್ರೆ ಸಾಮಾನ್ಯವಾಗಿ ಅದರ ಲೈಸೆನ್ಸ್ ಮದರ್‌ಬೋರ್ಡ್‌ನಲ್ಲೇ ಇರುತ್ತೆ, ಅದೇ ಎಡಿಷನ್ ಹಾಕಿದ್ರೆ ತಾನಾಗೇ ಆಕ್ಟಿವೇಟ್ ಆಗುತ್ತೆ.

ದುಡ್ಡು ಕೊಟ್ಟು ಆಂಟಿವೈರಸ್ ತಗೊಳ್ಳಬೇಕಾ?

ಮನೆ ಬಳಕೆಗೆ ಡಿಫೆಂಡರ್ ಸಾಕು, ಅಪ್‌ಡೇಟ್ ಆಗ್ತಿರಬೇಕು ಅಷ್ಟೇ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಬೇಡಿ, ಕಿತ್ತಾಡಿ ಸಿಸ್ಟಮ್ ನಿಧಾನ ಆಗುತ್ತೆ. ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ಒಳಗೆ ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್ ಅಂತ ಇದೆ, ಬೇಡದ ಕಸದ ಆ್ಯಪ್ ತಡೆಯೋದು, ಆನ್ ಮಾಡಿ.

ಇನ್ನೂ ವಿಂಡೋಸ್ 7 ಇದೆ, ಪರವಾಗಿಲ್ವಾ?

ಇಲ್ಲ. ಅದಕ್ಕೆ 2020ರ ಜನವರಿ 14ಕ್ಕೇ ಸಪೋರ್ಟ್ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಸಿಸ್ಟಮ್ ಬಿಡೋಕಾಗಲ್ಲ ಅಂದ್ರೆ ಅದರಲ್ಲಿ ಬ್ಯಾಂಕ್, ಮೇಲ್ ಬೇಡ, ನೆಟ್ ಇಲ್ಲದೆ ಟೈಪಿಂಗ್‌ಗೆ ಇಟ್ಕೊಳ್ಳಿ.

ಮನೆಯವರೇ ಯಾರೋ ಹಾಕಿರಬಹುದು ಅನ್ನಿಸ್ತಿದೆ...

ಇದನ್ನ ಕೇಳೋರು ಹೆಚ್ಚಾಗಿ ಹೆಣ್ಣುಮಕ್ಕಳು, ದನಿ ತಗ್ಗಿಸಿ ಕೇಳ್ತಾರೆ. ನೀವು ಕಲ್ಪಿಸ್ಕೊಳ್ತಿಲ್ಲ, ಇಂಥದ್ದು ಆಗುತ್ತೆ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಕಂಪ್ಯೂಟರ್‌ಗೆ ಕೈ ಹಾಕಿ ಇಂಥದ್ದು ತುಂಬೋದು ಐಟಿ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಅಪರಾಧ, ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ. ಆದ್ರೆ ಮನೇಲಿ ಹೊಡೆತ ಬಡಿತ ಇದ್ರೆ ಆ ಸಾಫ್ಟ್‌ವೇರ್‌ನ ದಿಢೀರ್ ಅಂತ ತೆಗೀಬೇಡಿ, ತೆಗೆದಿದ್ದು ಹಾಕಿದವರಿಗೆ ಗೊತ್ತಾಗುತ್ತೆ, ಸಾಕ್ಷಿನೂ ಹೋಗುತ್ತೆ. ಅವರ ಕೈಗೆ ಸಿಗದ ಬೇರೆ ಫೋನಿಂದ 181 ಮಹಿಳಾ ಸಹಾಯವಾಣಿಗೆ ಮಾಡಿ, ತಕ್ಷಣದ ಅಪಾಯ ಇದ್ರೆ 112.

ಅಕೌಂಟಿಂದ ದುಡ್ಡು ಹೋಗಿಬಿಟ್ಟಿದೆ. ಈಗ?

ಕಂಪ್ಯೂಟರ್ ಪಕ್ಕಕ್ಕಿಡಿ, ಮೊದಲು 1930ಕ್ಕೆ ಫೋನ್ ಮಾಡಿ, ಈ ಕ್ಷಣ. ದುಡ್ಡು ಒಂದು ಅಕೌಂಟಿಂದ ಇನ್ನೊಂದಕ್ಕೆ ಹಾರ್ತಾ ಹೋಗುತ್ತೆ, ಎಲ್ಲಾದ್ರೂ ಒಂದು ಕಡೆ ತಡೆ ಹಾಕಿಸೋಕೆ ನಿಮಿಷ ನಿಮಿಷಾನೂ ಲೆಕ್ಕಕ್ಕೆ ಬರುತ್ತೆ. ಜೊತೆಗೆ ಬ್ಯಾಂಕಿಗೆ ಹೇಳಿ ಕಾರ್ಡು, ನೆಟ್ ಬ್ಯಾಂಕಿಂಗ್ ಬ್ಲಾಕ್ ಮಾಡಿಸಿ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು, ನಿಮ್ಮ ಜಿಲ್ಲೆಯ ಸಿಇಎನ್ ಠಾಣೆಗೂ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಹೋಗಿ ಬನ್ನಿ. ಎಸ್ಎಂಎಸ್, ಟ್ರಾನ್ಸಾಕ್ಷನ್ ನಂಬರ್, ಟೈಮ್ ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಸಿಸ್ಟಮ್ ಫಾರ್ಮ್ಯಾಟ್ ಮಾಡಿಸೋಕೆ ಮುಂಚೆ ಠಾಣೆಯವರನ್ನ ಕೇಳಿ, ಅವರಿಗೆ ಆ ಹಾರ್ಡ್‌ಡಿಸ್ಕ್ ಬೇಕಾಗಬಹುದು.